ಬಿಸಿಲು ಬೆನ್ನಿಗೆ, ನದಿ ಎಡಕ್ಕೆ

ಲಂಡನ್ನಿಗೆ ಹೋದ ನಮ್ಮವರು ವೆಸ್ಟ್‌ಮಿನ್‌ಸ್ಟರ್ ನಿಲ್ದಾಣದ ಮೆಟ್ಟಿಲು ಹತ್ತಿ ಬಂದವರೇ ಬಿಗ್ ಬೆನ್ ಗೋಪುರದ ಬುಡದಲ್ಲಿ ನಿಂತು, ಕತ್ತು ನೋಯುವಷ್ಟು ಮೇಲೆ ನೋಡಿ, ಫೋಟೊ ತೆಗೆಸಿಕೊಂಡು ಮುಂದಿನ ಜಾಗಕ್ಕೆ ಓಡುತ್ತಾರೆ. ಅಲ್ಲಿ ಗೋಪುರ ಕಾಣುತ್ತದೆ, ಊರು ಕಾಣುವುದಿಲ್ಲ. ಥೇಮ್ಸ್ ದಂಡೆಯ ಊರನ್ನು ನೋಡಬೇಕಾದದ್ದು ಎದುರಿನ ದಕ್ಷಿಣ ದಡದಿಂದ. ಪಾರ್ಲಿಮೆಂಟು, ಸೇಂಟ್ ಪಾಲ್ ಕೆಥೆಡ್ರಲ್, ಟವರ್ ಕೋಟೆ ಎಲ್ಲವೂ ಆಚೆ ದಡದಲ್ಲಿ. ಅವನ್ನು ಒಂದೊಂದಾಗಿ ತೋರಿಸುವ ದಾರಿ ಈಚೆ ದಡದಲ್ಲಿ. ಸುಮಾರು ಐದೂವರೆ ಕಿಲೋಮೀಟರ್, ಹೆಚ್ಚುಕಡಿಮೆ ಸಪಾಟು ನೆಲ. ಮೊಣಕಾಲು ನೋವಿರುವ ಅಜ್ಜಿಯೂ ಅಲ್ಲಲ್ಲಿ ಬೆಂಚಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಾ ಮುಗಿಸಬಹುದು.

ಕನ್ನಡಿಗರು ನಡಿಗೆ ಶುರುಮಾಡಲು ತಕ್ಕ ಜಾಗ ಲ್ಯಾಂಬೆತ್. ವಾಕ್ಸಾಲ್ ನಿಲ್ದಾಣದಲ್ಲಿಳಿದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಹಿಡಿದು ಬಂದರೆ ಲ್ಯಾಂಬೆತ್ ಸೇತುವೆಗೆ ಮುಂಚೆ ಬಸವಣ್ಣನವರ ಪುತ್ಥಳಿ ಸಿಗುತ್ತದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಇದನ್ನು ಅನಾವರಣ ಮಾಡಿದರು. ಇದಕ್ಕಾಗಿ ಓಡಾಡಿದವರು ಕಲಬುರಗಿ ಮೂಲದ, ಲ್ಯಾಂಬೆತ್‌ನ ಮಾಜಿ ಮೇಯರ್ ಡಾ. ನೀರಜ್ ಪಾಟೀಲ್. ಎಲ್ಲ ಕಾಯಕದವರನ್ನೂ ಕೂರಿಸಿ ಮಾತಾಡಿಸಿದ ಅನುಭವ ಮಂಟಪದ ಬಸವಣ್ಣನವರಿಗೆ ಪಾರ್ಲಿಮೆಂಟಿನ ಎದುರು ದಡದಲ್ಲಿ ಜಾಗ ಸಿಕ್ಕಿರುವುದು ನನಗೆ ಬಹಳ ಮೆಚ್ಚುಗೆಯ ಸಂಗತಿ. ಪುತ್ಥಳಿ ನೋಡಿ ಹೊರಡುವ ಮುಂಚೆ ದಂಡೆಯ ದೀಪದ ಕಂಬಗಳ ಹತ್ತಿರ ಹೋಗಿ. ಪ್ರತಿ ಕಂಬದ ಬುಡಕ್ಕೂ ಎರಡು ಮೀನುಗಳು ಸುತ್ತಿಕೊಂಡಿವೆ: ತಲೆ ಕೆಳಗೆ, ಬಾಲ ಮೇಲೆ, ಒಂದೊಂದು ಹುರುಪೆಯೂ ಬಿಡಿಬಿಡಿಯಾಗಿ ಎರಕಗೊಂಡಿದೆ. ಕೆಸರಾಗಿದ್ದ ಈ ದಡಕ್ಕೆ ಕಲ್ಲಿನ ಗೋಡೆ ಕಟ್ಟಿಸಿ 1869ರಲ್ಲಿ ಮುಗಿಸಿದವರು ಜೋಸೆಫ್ ಬ್ಯಾಜಲ್‌ಜೆಟ್, ಲಂಡನ್ನಿನ ಒಳಚರಂಡಿಯನ್ನೂ ಕಟ್ಟಿಸಿದ ಎಂಜಿನಿಯರ್.

ಬೆಳಗ್ಗೆ ಒಂಬತ್ತರ ಸುಮಾರಿಗೆ ಹೊರಡಿ ಎನ್ನುತ್ತೇನೆ, ಅದಕ್ಕೆ ಕಾರಣವಿದೆ. ಈ ಭಾಗದಲ್ಲಿ ಥೇಮ್ಸ್ ಉತ್ತರಕ್ಕೆ ಹರಿಯುತ್ತದೆ. ಹಾಗಾಗಿ ಪಾರ್ಲಿಮೆಂಟಿನ ನದಿ ಕಡೆಯ ಮುಖ ಪೂರ್ವಕ್ಕಿದೆ. ಬೆಳಗಿನ ಬಿಸಿಲು ಬಿದ್ದಾಗ ಆ ಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಮಧ್ಯಾಹ್ನ ಬಂದವರಿಗೆ ಅದು ನೆರಳಲ್ಲಿ ಮಂಕು. ಮುಂದೆ ನದಿ ಪೂರ್ವಕ್ಕೆ ಹೊರಳುತ್ತದೆ. ನಮ್ಮ ಕಡೆ ಸೂರ್ಯ ವರ್ಷಕ್ಕೆರಡು ಸಲ ನೆತ್ತಿಯ ಮೇಲೇ ಬರುತ್ತಾನೆ, ಲಂಡನ್ನಿನಲ್ಲಿ ಎಂದೂ ಬರುವುದಿಲ್ಲ. ನಡುಮಧ್ಯಾಹ್ನವೂ ದಕ್ಷಿಣಕ್ಕೇ ವಾಲಿರುತ್ತಾನೆ. ಆದ್ದರಿಂದ ದಕ್ಷಿಣ ದಡದಲ್ಲಿ ನಿಂತು ನದಿಗೆ ಮುಖ ಮಾಡಿದವರಿಗೆ ಬಿಸಿಲು ಬೆನ್ನಿಗೆ, ಎದುರಿನ ಕಟ್ಟಡಗಳಿಗೆ ಪೂರ್ತಿ ಬೆಳಕು. ಉತ್ತರ ದಡದಲ್ಲಿ ನಡೆಯುವವರು ಕಣ್ಣು ಕಿರಿದು ಮಾಡಿಕೊಂಡೇ ನೋಡಬೇಕು.

ಲ್ಯಾಂಬೆತ್ ಸೇತುವೆ ಹತ್ತದೆ ಮುಂದೆ ಸಾಗಿದರೆ ಎಡಕ್ಕೆ ನದಿ, ಬಲಕ್ಕೆ ಸೇಂಟ್ ಥಾಮಸ್ ಆಸ್ಪತ್ರೆಯ ಉದ್ದನೆಯ ಗೋಡೆ. ಆ ಗೋಡೆಯ ತುಂಬ, ಅರ್ಧ ಕಿಲೋಮೀಟರಿನಷ್ಟು ಉದ್ದಕ್ಕೆ, ಕೆಂಪು ಹೃದಯಗಳು. ಕೋವಿಡ್‌ನಲ್ಲಿ ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು. 2021ರ ಮಾರ್ಚ್‌ನಲ್ಲಿ ತಮ್ಮವರನ್ನು ಕಳೆದುಕೊಂಡ ಮನೆಯವರು ಬರೆಯತೊಡಗಿದ್ದು, ಈಗ ಎರಡು ಲಕ್ಷಕ್ಕೂ ಹೆಚ್ಚಾಗಿವೆ. ಹತ್ತಿರ ಹೋದರೆ ಒಳಗೆ ಸಣ್ಣ ಅಕ್ಷರದಲ್ಲಿ ಹೆಸರು, ತಾರೀಖು, ‘ಅಪ್ಪ’, ‘ಅಜ್ಜಿ’. ಮಳೆಗೆ ಬಿಸಿಲಿಗೆ ಬಣ್ಣ ಮಾಸುತ್ತದೆ. ಸ್ವಯಂಸೇವಕರು ಬಂದು ಮತ್ತೆ ಬಳಿಯುತ್ತಾರೆ, ಅಳಿಸಿಹೋದ ಹೆಸರನ್ನು ಮತ್ತೆ ಬರೆಯುತ್ತಾರೆ. ಎದುರಿಗೆ ನೀರಿನಾಚೆ ಪಾರ್ಲಿಮೆಂಟು. ಇಲ್ಲಿ ಬೇಗ ನಡೆಯಬೇಡಿ.

ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ಲಂಡನ್ ಐ ಚಕ್ರದವರೆಗೆ ಮಾತ್ರ ಧಾರಾಳವಾಗಿ ಬೇಗ ನಡೆಯಬಹುದು. 135 ಮೀಟರ್ ಎತ್ತರದ ಚಕ್ರ ದೂರದಿಂದಲೇ ಚೆನ್ನ, ಬುಡದಲ್ಲಿ ಬರೀ ಸಾಲು. ಅಲ್ಲಿಂದ ಮುಂದೆ ರಾಯಲ್ ಫೆಸ್ಟಿವಲ್ ಹಾಲ್. ಯುದ್ಧದಲ್ಲಿ ಬಾಂಬಿಗೆ ಸಿಕ್ಕಿ ಹಾಳಾಗಿದ್ದ ದಡದ ಮೇಲೆ 1951ರಲ್ಲಿ ನಡೆದ ‘ಫೆಸ್ಟಿವಲ್ ಆಫ್ ಬ್ರಿಟನ್’ ಉಳಿಸಿಹೋದ ಕಟ್ಟಡ ಇದು. ವಾಟರ್‌ಲೂ ಸೇತುವೆಯ ಅಡಿಯಲ್ಲಿ ಹಳೆಯ ಪುಸ್ತಕಗಳ ಮೇಜುಗಳು ಹರಡಿರುತ್ತವೆ. ನೋಡಿಕೊಂಡು ಮೆಟ್ಟಿಲು ಹತ್ತಿ ಸೇತುವೆಯ ನಡುವಿನ ತನಕ ಹೋಗಿ ಬನ್ನಿ. ನದಿಯ ತಿರುವು ಇರುವುದು ಇಲ್ಲೇ, ಒಂದು ಕಡೆ ಪಾರ್ಲಿಮೆಂಟು, ಇನ್ನೊಂದು ಕಡೆ ಸೇಂಟ್ ಪಾಲ್, ಎರಡೂ ಒಂದೇ ಜಾಗದಿಂದ.

ಇನ್ನೂ ಸ್ವಲ್ಪ ಮುಂದೆ ಆಕ್ಸೊ ಗೋಪುರದ ಪಕ್ಕ ಬರ್ನಿ ಸ್ಪೇನ್ ಗಾರ್ಡನ್ಸ್ ಎಂಬ ಹುಲ್ಲಿನ ಅಂಗಳವಿದೆ. ಗೈಡುಗಳು ಇದರ ಬಗ್ಗೆ ಮಾತಾಡುವುದೇ ಇಲ್ಲ, ಆದರೆ ಈ ಇಡೀ ದಾರಿಯಲ್ಲಿ ನನಗೆ ಅತಿ ಮುಖ್ಯವಾದ ಜಾಗ ಇದೇ. ಎಪ್ಪತ್ತರ ದಶಕದಲ್ಲಿ ಇಲ್ಲಿ ದೊಡ್ಡ ಹೋಟೆಲು, ಆಫೀಸು ಕಟ್ಟಡಗಳ ಯೋಜನೆಗಳು ಬಂದವು. ಕಾಯಿನ್ ಸ್ಟ್ರೀಟ್ ಸುತ್ತಮುತ್ತ ವಾಸವಾಗಿದ್ದವರು, ಮನೆ ಬೇಕು, ಪಾರ್ಕು ಬೇಕು ಎಂದು ವರ್ಷಗಟ್ಟಲೆ ಹಟ ಹಿಡಿದರು. 1984ರಲ್ಲಿ 13 ಎಕರೆ ಜಾಗವನ್ನು ಗ್ರೇಟರ್ ಲಂಡನ್ ಕೌನ್ಸಿಲ್‌ನಿಂದ ಹತ್ತು ಲಕ್ಷ ಪೌಂಡಿಗೆ ಕೊಂಡುಕೊಂಡರು. ಸಹಕಾರಿ ಮನೆಗಳನ್ನು ಕಟ್ಟಿದರು, ಅಂಗಳ ಮಾಡಿದರು, ತುಂಡಾಗಿದ್ದ ನದಿ ದಾರಿಯನ್ನು ಜೋಡಿಸಿದರು. ಬರ್ನಿ ಸ್ಪೇನ್ ಆ ಹೋರಾಟದಲ್ಲಿದ್ದ ಹೆಣ್ಣುಮಗಳು. ನದಿ ಪಕ್ಕದ ಜಾಗಕ್ಕೆ ಎಂಥ ಬೆಲೆ ಎಂದು ಗೊತ್ತಿದ್ದವರಿಗೆ ಆಕೆಯ ಹೆಸರಿನ ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚುವುದು ಎಷ್ಟು ದೊಡ್ಡದು ಎಂದು ಅರ್ಥವಾಗುತ್ತದೆ.

ಕಣ್ಣಿಗೆ ಬೀಳುವ ನೋಟವನ್ನೂ ಹೀಗೆ ಯಾರೋ ಕಾದಿದ್ದಾರೆ. ಬ್ಲ್ಯಾಕ್‌ಫ್ರೈಯರ್ಸ್ ಸೇತುವೆಯ ಅಡಿಯಿಂದ ಹೊರಬಂದು ಟೇಟ್ ಮಾಡರ್ನ್ ಮುಂದೆ ನಿಂತರೆ ಎದುರಿಗೆ ಸೇಂಟ್ ಪಾಲ್ ಗುಮ್ಮಟ. ದಕ್ಷಿಣ ದಡದಿಂದಲೂ ಸೇತುವೆಗಳಿಂದಲೂ ಈ ಗುಮ್ಮಟ ಕಾಣುತ್ತಲೇ ಇರಬೇಕು ಎಂದು ಸುತ್ತಲಿನ ಕಟ್ಟಡಗಳ ಎತ್ತರಕ್ಕೆ 1938ರಿಂದ ಮಿತಿ ಹಾಕಿದ್ದಾರೆ. ಟೇಟ್ ಮಾಡರ್ನ್ ಮೊದಲು ವಿದ್ಯುತ್ ಸ್ಥಾವರವಾಗಿತ್ತು. 99 ಮೀಟರಿನ ಅದರ ಇಟ್ಟಿಗೆ ಚಿಮಣಿ ಹಾಗೇ ಇದೆ. 2000ದಿಂದ ಕಲಾಲಯ, ಒಳಗಿನ ಸಂಗ್ರಹ ನೋಡಲು ಹಣ ಕೊಡಬೇಕಿಲ್ಲ.

ಇಲ್ಲಿಗೆ ಬರುವಾಗ ನೀರು ಇಳಿದಿದ್ದರೆ ನಿಮ್ಮ ಪುಣ್ಯ. ಥೇಮ್ಸ್ ಲಂಡನ್ನಿನಲ್ಲಿ ಅರ್ಧ ನದಿ, ಅರ್ಧ ಸಮುದ್ರ. ದಿನಕ್ಕೆರಡು ಸಲ ಉಬ್ಬರ ಬಂದು ನೀರು ಹಿಂದಕ್ಕೆ ಹರಿಯುತ್ತದೆ; ಏರಿಳಿತ ಏಳು ಮೀಟರಿನ ತನಕವೂ ಹೋಗುತ್ತದೆ. ಇಳಿತದ ಹೊತ್ತಿನಲ್ಲಿ ಗೋಡೆಯ ಕೆಳಗೆ ಕಲ್ಲು ಮರಳಿನ ದಂಡೆ ಬಯಲಾಗುತ್ತದೆ. ಬಗ್ಗಿ ನೋಡಿದರೆ ಬಿಳಿ ಕಡ್ಡಿಯಂಥ ಚೂರುಗಳು ಬಿದ್ದಿರುತ್ತವೆ, ನಡುವೆ ಸಣ್ಣ ತೂತು: ನೂರಾರು ವರ್ಷ ಹಿಂದೆ ಯಾರೋ ಹೊಗೆಸೊಪ್ಪು ಸೇದಿ ಎಸೆದ ಮಣ್ಣಿನ ಚಿಲುಮೆಯ ಕೊಳವೆ. ನೋಡಿ, ಮುಟ್ಟಬೇಡಿ, ದಂಡೆಯಲ್ಲಿ ಹುಡುಕಲು ಬಂದರು ಪ್ರಾಧಿಕಾರದ ಪರವಾನಗಿ ಬೇಕು. ಹೊರಡುವ ಮುಂಚೆ ಅದೇ ಪ್ರಾಧಿಕಾರ ಪ್ರಕಟಿಸುವ ಉಬ್ಬರವಿಳಿತದ ವೇಳಾಪಟ್ಟಿ ನೋಡಿ ದಿನ ಆರಿಸಿಕೊಳ್ಳಿ. ಹನ್ನೆರಡರ ಆಸುಪಾಸು ಇಳಿತ ಇರುವ ದಿನ ಉತ್ತಮ.

ಪಕ್ಕದಲ್ಲೇ ಗ್ಲೋಬ್ ನಾಟಕಶಾಲೆ. ಷೇಕ್ಸ್‌ಪಿಯರನ ಕಾಲದ ಗ್ಲೋಬ್ 1613ರಲ್ಲಿ, ನಾಟಕಕ್ಕೆಂದು ಹಾರಿಸಿದ ಫಿರಂಗಿಯ ಕಿಡಿ ಹುಲ್ಲಿನ ಮಾಡಿಗೆ ತಾಗಿ ಸುಟ್ಟುಹೋಯಿತು. ಅಮೆರಿಕದ ನಟ ಸ್ಯಾಮ್ ವಾನಮೇಕರ್ ದಶಕಗಳ ಕಾಲ ಬೆನ್ನುಹತ್ತಿದ್ದರಿಂದ 1997ರಲ್ಲಿ ಮತ್ತೆ ಹುಲ್ಲಿನ ಮಾಡಿನ ಗ್ಲೋಬ್ ಎದ್ದಿತು. ಅದನ್ನು ಕಣ್ಣಾರೆ ನೋಡುವ ಭಾಗ್ಯ ಅವರಿಗೆ ಇರಲಿಲ್ಲ. ಹಳೆಯ ಕಾಲದಲ್ಲಿ ನಾಟಕಶಾಲೆ, ಕರಡಿ ಕಾಳಗ, ವೇಶ್ಯಾಗೃಹ ಎಲ್ಲ ಈ ದಡದಲ್ಲೇ ಇದ್ದವು, ಆಚೆ ದಡದ ಲಂಡನ್ ಸಿಟಿಯ ಆಡಳಿತದ ಅಧಿಕಾರ ಇಲ್ಲಿ ನಡೆಯುತ್ತಿರಲಿಲ್ಲ. ಕ್ಲಿಂಕ್ ಬೀದಿಯಲ್ಲಿ ವಿಂಚೆಸ್ಟರ್ ಬಿಷಪ್ಪರ ಅರಮನೆಯ ಒಂದು ಮುರಿದ ಗೋಡೆ, ಅದರಲ್ಲಿ ದುಂಡು ಕಿಟಕಿ ಉಳಿದಿದೆ. ಹತ್ತಿರದಲ್ಲೇ ಅವರ ಸೆರೆಮನೆ ಇತ್ತು. ಹಸಿದವರು ಬರೊ ಮಾರ್ಕೆಟ್ಟಿಗೆ ಹೋಗಬಹುದು. ಸೋಮವಾರ ಮಾತ್ರ ಮುಚ್ಚಿರುತ್ತದೆ.

ಕೊನೆಗೆ 1894ರ ಟವರ್ ಬ್ರಿಜ್. ಹಡಗು ಬಂದರೆ ಬಸ್ಸು ಕಾರುಗಳನ್ನು ನಿಲ್ಲಿಸಿ ರಸ್ತೆಯನ್ನೇ ಎತ್ತುತ್ತಾರೆ, ವರ್ಷಕ್ಕೆ ಸುಮಾರು 800 ಸಲ. ವೇಳೆ ಮೊದಲೇ ಪ್ರಕಟವಾಗಿರುತ್ತದೆ. ಕಾಲಿನಲ್ಲಿ ಇನ್ನೂ ಕಸುವಿದ್ದರೆ ಸೇತುವೆಯ ಆಚೆ ಬರ್ಮಂಡ್ಸಿ ಕಡೆಗೂ ಹೋಗಿ. ಅಲ್ಲಿ ಹಳೆಯ ಗೋದಾಮುಗಳು ನೀರಿಗೇ ಅಂಟಿಕೊಂಡಿವೆ, ಬಹಳಷ್ಟು ಈಗ ದುಬಾರಿ ಮನೆಗಳಾಗಿವೆ. ದಾರಿ ಮತ್ತೆ ಮತ್ತೆ ನದಿ ಬಿಟ್ಟು ಒಳಬೀದಿಗೆ ತಿರುಗುತ್ತದೆ. ಕಾಯಿನ್ ಸ್ಟ್ರೀಟಿನವರು ಸುಮ್ಮನಿದ್ದಿದ್ದರೆ ಅಷ್ಟು ಹೊತ್ತು ನಡೆದು ಬಂದ ದಾರಿಯೂ ಹೀಗೇ ತುಂಡುತುಂಡಾಗಿ ಉಳಿಯುತ್ತಿತ್ತು.