ಮುಸುಕಿನ ಜೋಳ ಕಂಡ ಕಣ್ಣು

ಬೆಂಗಳೂರಿನ ದೊಮ್ಮಲೂರು ಚೊಕ್ಕನಾಥಸ್ವಾಮಿ ಗುಡಿಯಲ್ಲಿ ಶತಮಾನಗಳಷ್ಟು ಹಳೆಯ ಶಾಸನಗಳಿವೆ. ಹೊರಗೆ ಬಂದರೆ ಫ್ಲೈಓವರ್, ಸಾಫ್ಟ್‌ವೇರ್ ಕಚೇರಿಗಳು. ನಾಲ್ಕು ಹೆಜ್ಜೆಯಲ್ಲಿ ಶತಮಾನಗಳನ್ನು ದಾಟುವ ಈ ಜಾಗದಲ್ಲಿ ನಿಂತಾಗಲೆಲ್ಲ ನನಗೆ ಕಲ್ಪನೆಯ ಕಥೆಗಾರರು ನೆನಪಾಗುತ್ತಾರೆ. ಅವರ ಕಸುಬುಗಳೂ ಈ ಗುಡಿ, ಕಚೇರಿಗಳಂತೆಯೇ ಒಂದಕ್ಕೊಂದು ದೂರ.

ಕೆ.ಎನ್. ಗಣೇಶಯ್ಯ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಕೃಷಿ ವಿಜ್ಞಾನಿ. ಹೊಯ್ಸಳರ ಶಿಲ್ಪದ ಕೈಯಲ್ಲಿರುವುದನ್ನು ನಾವು ಹಣ್ಣೋ ಹೂವೋ ಎಂದುಕೊಂಡು ಮುಂದೆ ಹೋಗುತ್ತೇವೆ. ಅದು ಮುಸುಕಿನ ಜೋಳವಿರಬಹುದೇ? ಅಮೆರಿಕದ ಬೆಳೆ ಕೊಲಂಬಸನಿಗಿಂತ ಮೊದಲೇ ಇಲ್ಲಿಗೆ ಬಂದದ್ದು ಹೇಗೆ? ವಿದ್ವಾಂಸರು ಇನ್ನೂ ಒಪ್ಪದ ಈ ಊಹೆಯೇ ‘ಕನಕ ಮುಸುಕು’ ಕಾದಂಬರಿಯ ಬೀಜ. ಗಿಡದ ತಳಿ ಬಲ್ಲವನ ಕಣ್ಣಿಗಷ್ಟೇ ಬೀಳುವ ಬೀಜ ಅದು.

ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿದ ಪೂರ್ಣಚಂದ್ರ ತೇಜಸ್ವಿ ‘ಕರ್ವಾಲೊ’ ಕಾದಂಬರಿಯಲ್ಲಿ ನಮ್ಮನ್ನು ಹಾರುವ ಓತಿಯ ಬೆನ್ನು ಹತ್ತಿಸಿದರು. ಅಲ್ಲಿ ವಿಜ್ಞಾನಿಗೆ ದಾರಿ ತೋರುವವನು ಊರು ನಿಷ್ಪ್ರಯೋಜಕನೆಂದ ಮಂದಣ್ಣ. ಕೈಗೆ ಮಣ್ಣು ಮೆತ್ತಿಕೊಂಡವರಿಗೇ ಅಂಥ ಪಾತ್ರ ಸಿಗುವುದು.

ನಮ್ಮ ಊರಿನ ಲಾವಣ್ಯ ಲಕ್ಷ್ಮೀನಾರಾಯಣ್ ಗೇಮ್ ವಿನ್ಯಾಸಕಿ. ಒಂದು ಕಾಲಕ್ಕೆ ಬೆಂಗಳೂರಾಗಿದ್ದ ನಗರದಲ್ಲಿ, ಕೆಲಸದ ಅಂಕ ಕುಸಿದವರನ್ನು ಆಚೆ ದಬ್ಬುವುದನ್ನು ಚಿತ್ರಿಸುವ ಆಕೆಯ ಕೃತಿ 2024ರ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂತು. ಅಂಕದ ಆಟ ಕಟ್ಟಿದವರಿಗೆ ಅದರ ಕ್ರೌರ್ಯವೂ ಗೊತ್ತು.

ಕಲ್ಪನೆ ಆಕಾಶದಿಂದ ಉದುರುವುದಿಲ್ಲ; ದಿನದ ದುಡಿಮೆಯಲ್ಲಿ ಮೊಳೆಯುತ್ತದೆ.