ಅರಮನೆಯ ಕಿಟಕಿಯಿಂದ ಕಂಡ ಸಂಡೂರು

ಹೊಸಪೇಟೆಯವರಾದ ನಮಗೆ ಸಂಡೂರು ನೆರೆಮನೆಯಿದ್ದಂತೆ. ಅದಕ್ಕೇ ಆ ಊರಿನ ಬಗ್ಗೆ ಯಾರೇ ಬರೆಯಲಿ, ಸ್ಮರಣ ಸಂಚಿಕೆಯಿರಲಿ, ಪ್ರವಾಸಿ ಕೈಪಿಡಿಯಿರಲಿ, ನಾನು ಓದದೆ ಬಿಡುವವಳಲ್ಲ. ಓದಿ ಮುಗಿಸಿದಾಗಲೆಲ್ಲ ಒಂದೇ ತಕರಾರು ಉಳಿಯುತ್ತದೆ. ಇವರೆಲ್ಲ ಸಂಡೂರನ್ನು ಅರಮನೆಯ ಕಿಟಕಿಯಿಂದಲೇ ನೋಡುತ್ತಾರೆ.

ಕತೆ ಹೀಗೆ ಸಾಗುತ್ತದೆ: ಹದಿನೆಂಟನೇ ಶತಮಾನದ ಆರಂಭದಲ್ಲಿ ಘೋರ್ಪಡೆ ಮನೆತನದ ಸಿದ್ದೋಜಿರಾವ್ ಪಾಳೆಯಗಾರರಿಂದ ಈ ಕಣಿವೆಯನ್ನು ಗೆದ್ದರು, ಹೈದರ್, ಟಿಪ್ಪು ಕಾಲದಲ್ಲಿ ಕಳೆದುಕೊಂಡರು, 1826ರಲ್ಲಿ ಕುಂಪಣಿ ಸರಕಾರ ಸನ್ನದು ಕೊಟ್ಟಿತು, 1949ರಲ್ಲಿ ಸಂಸ್ಥಾನ ಮದ್ರಾಸಿನಲ್ಲಿ ವಿಲೀನವಾಯಿತು. ಎಲ್ಲ ಸರಿ. ಆದರೆ ನೋಡಿ, ಸುಮಾರು 160 ಚದರ ಮೈಲಿಯ ಸೀಮೆ, 1901ರಲ್ಲಿ ಹನ್ನೊಂದು ಸಾವಿರದಷ್ಟು ಜನ. ಅಷ್ಟು ಜನರಲ್ಲಿ ಒಬ್ಬ ಒಕ್ಕಲಿನ ಹೆಸರೂ ಈ ಪುಟಗಳಿಗೆ ಬೇಡವಾಯಿತೇ?

1949ಕ್ಕೆ ಕತೆ ಮುಗಿಸಿಬಿಡುವುದಂತೂ ದೊಡ್ಡ ದೋಷ. ಸಿಂಹಾಸನ ಹೋಯಿತು, ಹೊಲದ ಲೆಕ್ಕ ಹೋಗಲಿಲ್ಲ. ಇನಾಮು ಭೂಮಿಯಲ್ಲಿ ಉಳುವವರು ಒಬ್ಬರು, ಹಕ್ಕು ಇನ್ನೊಬ್ಬರದು. 1973ರಲ್ಲಿ ರೈತರು ಸಮಾಜವಾದಿಗಳ ಜೊತೆಗೂಡಿ ಸತ್ಯಾಗ್ರಹಕ್ಕಿಳಿದರು. ಆಗ ಇದೇ ಮನೆತನದ ಎಂ.ವೈ. ಘೋರ್ಪಡೆಯವರು ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರು. ಮುಂದೆ 1976ರಲ್ಲಿ ಸಂಡೂರು ಪ್ರದೇಶದ ಇನಾಮು ರದ್ದತಿಗೆಂದೇ ಬೇರೆ ಕಾಯಿದೆ ಬಂತು. ಇಷ್ಟು ಚಿಕ್ಕ ಸೀಮೆಗೆ ಪ್ರತ್ಯೇಕ ಕಾಯಿದೆ ಬೇಕಾಯಿತೆಂದರೆ ಗಂಟು ಎಷ್ಟು ಬಿಗಿಯಾಗಿತ್ತೆಂದು ನೀವೇ ಊಹಿಸಿ. ಬೇಟೆಯ ವರ್ಣನೆಗೆ ಎರಡು ಪುಟ ಕೊಡುವವರು ಇದಕ್ಕೆ ಎರಡು ಸಾಲು ಕೊಡುವುದಿಲ್ಲ.

ಅರಮನೆಯ ಒಳ್ಳೆಯ ಕೆಲಸವನ್ನು ಅಲ್ಲಗಳೆಯುವಷ್ಟು ಕಲ್ಲುಮನಸ್ಸು ನನ್ನದಲ್ಲ. 1932ರಲ್ಲಿ ಕುಮಾರಸ್ವಾಮಿ ಗುಡಿಯನ್ನು ದಲಿತರಿಗೆ ತೆರೆದದ್ದು ಸಣ್ಣ ಮಾತಲ್ಲ. ತಿರುವಾಂಕೂರಿನ ಘೋಷಣೆ ಬಂದದ್ದು 1936ರಲ್ಲಿ, ಅಂದರೆ ನಾಲ್ಕು ವರ್ಷ ತಡವಾಗಿ. 1934ರಲ್ಲಿ ಗಾಂಧೀಜಿಯೂ ಸಂಡೂರಿಗೆ ಬಂದರು. ಇದನ್ನು ಬರೆಯುವವರ ಲೇಖನಿಗೆ ಹುರುಪು ಬರುವುದು ಸಹಜವೇ.

ಹಾಗೆ ತೆರೆದ ಬಾಗಿಲ ಮುಂದೆ ನಾವು ಹೆಂಗಸರು ಮಾತ್ರ ನಿಂತೇ ಇದ್ದೆವು. ಸ್ವಾಮಿ ತಾಯಿಯ ಮೇಲೆ ಮುನಿದು ಬಂದ ಬ್ರಹ್ಮಚಾರಿ, ಆದ್ದರಿಂದ ಹೆಣ್ಣಿಗೆ ದರ್ಶನವಿಲ್ಲ ಎಂಬುದು ತಲೆಮಾರುಗಳಿಂದ ಬಂದ ರೂಢಿ. ಪಕ್ಕದಲ್ಲೇ ಪಾರ್ವತಿಯ ಗುಡಿಯಿದೆ, ನಮಗೆ ಅಷ್ಟು ಸಾಕು ಅನ್ನಿ! ಲೇಖಕರು ಇದನ್ನು ‘ಸಂಪ್ರದಾಯ’ ಎಂಬ ಒಂದು ಪದದಲ್ಲಿ ದಾಟಿಬಿಡುತ್ತಾರೆ. ನಂಬುವವರು ನಂಬಲಿ. ಆದರೆ 1932ರ ಉದಾರತೆಯನ್ನು ಹೊಗಳುವಾಗ ಆ ಬಾಗಿಲು ಯಾರಿಗೆ ತೆರೆಯಲಿಲ್ಲ ಎಂದು ಹೇಳುವುದೂ ಬರೆಯುವವರ ಕೆಲಸವೇ.

ಲಂಬಾಣಿ ಹೆಂಗಸರ ಗತಿಯೂ ಅಷ್ಟೇ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕನ್ನಡಿ, ಬಣ್ಣ, ಹೊಲಿಗೆ ಎಲ್ಲವೂ ಚಿತ್ರದಲ್ಲಿ ಬರುತ್ತವೆ, ಹೊಲಿದವಳ ಕೂಲಿ ಬರುವುದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸುವ ಮೊದಲು ಸುತ್ತಿಗೆ ಹಿಡಿದು ಅದಿರು ಒಡೆದವರಲ್ಲಿ ಹೆಂಗಸರೂ ಇದ್ದರು. ಕೆಂಪು ಧೂಳು ಮೆತ್ತಿದ ಆ ಸೀರೆಗಳಿಗೆ ಯಾವ ಸಂಚಿಕೆಯಲ್ಲೂ ಜಾಗವಿಲ್ಲ.

ನನಗೆ ಬೇಕಾದ ಪುಸ್ತಕ ತಾಂಡಾದಿಂದ, ಹೊಲದ ಬದುವಿನಿಂದ ಶುರುವಾಗಬೇಕು. ಗಂಡಸರು ಸತ್ಯಾಗ್ರಹಕ್ಕೆ ನಡೆದ ದಿನಗಳಲ್ಲಿ ದನ ಕಟ್ಟಿದವರು, ಒಲೆ ಹೊತ್ತಿಸಿದವರು ಯಾರು? ಆಗ ಇಪ್ಪತ್ತರ ಸೊಸೆಯಾಗಿದ್ದವಳು ಈಗ ಎಪ್ಪತ್ತು ದಾಟಿದ ಅಜ್ಜಿ. ಬರೆಯುವವರು ಮೊದಲು ಆಕೆಯ ಕಟ್ಟೆಯ ಮೇಲೆ ಹೋಗಿ ಕೂರಲಿ. ಅರಮನೆಯ ಕಾಗದಪತ್ರ ಎಲ್ಲಿಗೂ ಓಡಿಹೋಗುವುದಿಲ್ಲ.