ತಜಂಕ್ ಬೀಜದ ತಾಳ್ಮೆ

ಜೂನ್ ತಿಂಗಳಲ್ಲಿ ಮುಂಗಾರು ಮುಂಬಯಿ ಹೊಕ್ಕಿತೆಂದರೆ ದಹಿಸರ್‌ನ ರೈಲ್ವೆ ಹಳಿಯ ಪಕ್ಕ, ಕಾಂಪೌಂಡ್ ಗೋಡೆಗಳ ಬುಡ, ಪೈಪು ಹಾಕಲು ಅಗೆದು ಗುಡ್ಡೆ ಮಾಡಿದ ಮಣ್ಣು, ಎಲ್ಲೆಡೆ ತಗಚೆ ಏಳುತ್ತದೆ. ಮರಾಠಿಯವರ ಟಾಕಳಾ, ನಮ್ಮ ತುಳುವರ ತಜಂಕ್. ಬೇಸಾಯದ ಲೆಕ್ಕದಲ್ಲಿ ಅದು ಕಳೆ. ಇಲ್ಲಿ ನೆಲೆಸಿದ ಕರಾವಳಿಯ ಮನೆಗಳಿಗೆ ಮಳೆಗಾಲದ ಆಟಿ ತಿಂಗಳ ಅಂಬಡೆ (ವಡೆ), ಪಲ್ಯ, ಚಟ್ನಿ. ಈ ಸೊಪ್ಪಿನ ರುಚಿಯನ್ನು ಕೊಂಡಾಡುವವರು ಬಹಳ ಮಂದಿ. ನನಗೆ ಅದರ ಬೀಜದ ಮೇಲೆ ಇನ್ನೂ ಹೆಚ್ಚಿನ ಪ್ರೀತಿ.

ಮಳೆಗಾಲ ಕಳೆದು ಗಿಡ ಒಣಗಿದ ಮೇಲೆ, ಉದ್ದಕ್ಕೆ ಬಾಗಿದ ಕೋಡೊಂದನ್ನು ಬಿಡಿಸಿ ನೋಡಬೇಕು. ಸಾಲಾಗಿ ಕೂತ ಕಂದು ಕಾಳುಗಳು, ಓರೆಯಾಗಿ ಕತ್ತರಿಸಿದ ತುದಿಗಳು, ಎಣ್ಣೆ ಸವರಿದಂಥ ಮಿರುಗು. ನೀರಿಗೆ ಹಾಕಿದರೆ ಹೆಚ್ಚಿನವು ಮರುದಿನವೂ ಹಾಕಿದಂತೆಯೇ ಗಟ್ಟಿಯಾಗಿ ಬಿದ್ದಿರುತ್ತವೆ. ಒಂದನ್ನು ಒರಟು ಕಲ್ಲಿಗೆ ಉಜ್ಜಿ, ಸಿಪ್ಪೆ ತುಸು ಸವೆಸಿ ಹಾಕಿ. ಅದು ನೀರು ಕುಡಿದು ಉಬ್ಬುತ್ತದೆ. ಸಿಪ್ಪೆಯಲ್ಲಿ ಒತ್ತೊತ್ತಾಗಿ ನಿಂತ ಜೀವಕೋಶಗಳ ಪದರವೊಂದು ನೀರನ್ನು ಹೊರಗೇ ತಡೆದು ನಿಲ್ಲಿಸುತ್ತದೆ. ಬೀಜದ ಸುಪ್ತಾವಸ್ಥೆಯ ಗುಟ್ಟು ಇಷ್ಟೇ.

ಬಯಲಿನಲ್ಲಿ ಆ ಕಲ್ಲಿನ ಕೆಲಸವನ್ನು ಬೇಸಿಗೆ ಮಾಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬರಿನೆಲ ಹಗಲು ಕಾಯುತ್ತದೆ, ಇರುಳು ತಣಿಯುತ್ತದೆ. ದಿನದಿನದ ಆ ಏರಿಳಿತಕ್ಕೆ ಸಿಪ್ಪೆ ಒಂದೆಡೆ ಸಡಿಲಗೊಂಡು ನೀರಿಗೆ ದಾರಿಯಾಗುತ್ತದೆ. ಆಳದಲ್ಲಿ ಹೂತ ಬೀಜಕ್ಕೆ, ದಟ್ಟ ನೆರಳಿನ ಬೀಜಕ್ಕೆ ಆ ಕಾವು ಅಷ್ಟಾಗಿ ತಟ್ಟುವುದಿಲ್ಲ, ಅದು ಸುಮ್ಮನಿರುತ್ತದೆ. ಬೆಳೆಯಲು ಬಯಲಿದೆಯೇ ಇಲ್ಲವೇ ಎಂಬ ಸುದ್ದಿಯನ್ನು ಮಳೆಗೆ ಮೊದಲೇ ಬಿಸಿಲು ತಲುಪಿಸಿರುತ್ತದೆ. ಎಂಥ ಸೊಗಸಾದ ಏರ್ಪಾಡು!

ಮುಳ್ಳುಹರಿವೆಯಂಥ ಸಣ್ಣ ಬೀಜದ ಕಳೆಗಳ ಜಾಣ್ಮೆ ಬೇರೆ. ಅವು ಬೆಳಕಿನ ಬಣ್ಣವನ್ನೇ ಗುರುತಿಸಬಲ್ಲವು. ನೇರ ಬಿಸಿಲಿನ ಕೆಂಪು ಕಿರಣ ತಗುಲಿದರೆ ಮೊಳೆಯಬಹುದು. ಎಲೆಗಳ ಮೂಲಕ ಸೋಸಿ ಬಂದ ಬೆಳಕಿನಲ್ಲಿ ಕೆಂಪು ಕುಗ್ಗಿ, ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ಅತಿಗೆಂಪು ಮಿಕ್ಕಿರುತ್ತದೆ. ಅಂದರೆ ಮೇಲೆ ಇನ್ನೊಬ್ಬರು ಬೆಳೆದು ನಿಂತಿದ್ದಾರೆ, ಕಾಯಬೇಕು. ಕಾದಿದ್ದ ಅಂಥ ಬೀಜಗಳನ್ನು ಅಗೆತದ ಗುದ್ದಲಿ ಮೇಲಕ್ಕೆ ತಂದು ಬೆಳಕಿಗೊಡ್ಡುತ್ತದೆ.

ತಗಚೆಯ ಬೀಜಗಳೆಲ್ಲ ಒಂದೇ ವರ್ಷ ಎಚ್ಚರಗೊಳ್ಳುವುದಿಲ್ಲ ಎಂಬುದು ನನಗೆ ಎಲ್ಲಕ್ಕಿಂತ ಚೆಂದವಾಗಿ ಕಾಣುತ್ತದೆ. ಒಂದೇ ಗಿಡದ ಕಾಳುಗಳಲ್ಲಿ ಕೆಲವು ಈ ಮುಂಗಾರಿಗೆ, ಕೆಲವು ಮುಂದಿನದಕ್ಕೆ, ಕೆಲವು ಇನ್ನೂ ಆಚೆಗೆ. ಎದ್ದ ಸಸಿಗಳನ್ನೆಲ್ಲ ಕಿತ್ತರೂ ಕುಲ ಅಳಿಯದು. ಕಳೆಬೀಜಗಳ ಈ ಸಹನೆಯನ್ನು ಅಳೆಯಲು ಅಮೆರಿಕದ ಮಿಷಿಗನ್‌ನಲ್ಲಿ ಸಸ್ಯವಿಜ್ಞಾನಿ ವಿಲಿಯಂ ಜೇಮ್ಸ್ ಬೀಲ್ 1879ರಲ್ಲಿ ಬಾಟಲಿಗಳಲ್ಲಿ ಮರಳಿನೊಂದಿಗೆ ಬೀಜ ತುಂಬಿ ಹೂತಿಟ್ಟರು. 2021ರಲ್ಲಿ ಅಗೆದು ತೆಗೆದ ಬಾಟಲಿಯ ಕೆಲವು ಬೀಜಗಳು ಮೊಳೆತವು. ಹೂತವರು, ಅವರ ನಂತರ ಅಗೆದು ನೋಡಿದ ಕೆಲವು ತಲೆಮಾರುಗಳು ಮುಗಿದಿದ್ದವು. ಬೀಜದ ಬದುಕು ಮಾತ್ರ ಆಗ ಶುರುವಾಗಿತ್ತು.

ಆಟಿಯಲ್ಲಿ ತಜಂಕ್ ಅಂಬಡೆ ಬಾಣಲೆಯಿಂದ ಏಳುವಾಗ ಮಳೆಯನ್ನು ನೆನೆಯುವುದು ಸಹಜ. ನೆಲ ಸುಟ್ಟ ಬೇಸಿಗೆಯನ್ನೂ ನೆನೆಯೋಣ, ಆ ಎಲೆಗೆ ಬಾಗಿಲು ತೆರೆದದ್ದು ಅದೇ. ಕುಡಿ ಚಿವುಟುವಾಗ ನಾಲ್ಕು ಗಿಡಗಳನ್ನು ಕೋಡು ಬಲಿಯಲು ಬಿಡೋಣ.